ಕರುಣಾ ಕೇಳಿದ ನಂಬರು

ತಂಗಿ ಕರುಣಾ,

ನೀನು ತೀರಿಕೊಂಡ ಮೇಲೆ ಅವ್ವ ಮಾತು ಬಿಟ್ಟಿದ್ದಾಳೆ. ಇವತ್ತು ಅವಳನ್ನು ವಾಡಿಯಿಂದ ರೈಲಿನಲ್ಲಿ ಕಲಬುರಗಿಗೆ, ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದೊಯ್ದೆ. ಒಳಗೆ ಹೋದವನೇ, "ಮೇಡಂ, ಮೊದಲ ನಿಮ್ಮ ನೋಂದಣಿ ನಂಬರ್ ಹೇಳ್ರಿ" ಎಂದೆ.

ಅವರು ಸಿಟ್ಟಾಗಲಿಲ್ಲ. "ಭಾಳ ಚಲೋ ಕೇಳಿದ್ರಿ, ಯಾರೂ ಕೇಳಂಗಿಲ್ಲ. ಕುಂದ್ರಿ" ಎಂದು ಬರೆದುಕೊಟ್ಟರು. ಆ ನಂಬರನ್ನು, ಇಂಥವರ ನೋಂದಣಿ ಇಡುವ ಪುನರ್ವಸತಿ ಪರಿಷತ್ತಿನ ವೆಬ್‌ಸೈಟಿನಲ್ಲಿ ಹಾಕಿದೆ. ಅವರ ಹೆಸರು, ಓದು ಎಲ್ಲ ಬಂತು. ಎರಡು ನಿಮಿಷವೂ ಹಿಡಿಯಲಿಲ್ಲ.

ಎಲ್ಲವನ್ನೂ ಪ್ರಶ್ನಿಸಿ ಎಂದು ಶಹಾಬಾದಿನ ಸಂತೆಯಲ್ಲಿ ಕರಪತ್ರ ಹಂಚಿದವನು ನಾನು. ಅವ್ವ ನಿನಗೆ ಕಟ್ಟಿದ ತಾಯಿತ ಹರಿದವನೂ ನಾನೇ. ಆದರೆ ನಿನ್ನ ಮನಸ್ಸಿನ ಕಾಯಿಲೆಗೆಂದು ನಾನೇ ಕರೆದೊಯ್ದ ಆ ಬಿಳಿ ಕೋಟಿನ ಮನಶ್ಶಾಸ್ತ್ರಜ್ಞನ ಗೋಡೆಯ ಮೇಲೆ ಇಂಗ್ಲಿಷ್ ಸರ್ಟಿಫಿಕೇಟು ಕಂಡು ಕೈಮುಗಿದೆ. ಅವನು "ಗುಳಿಗಿ ಬಿಡ್ರಿ, ಮನಸ ಗಟ್ಟಿ ಮಾಡ್ರಿ" ಅಂದದ್ದನ್ನು ನಿನಗೆ ದಿನಾ ಹೇಳಿದೆ. ನೀನು ಗುಳಿಗೆ ಬಿಟ್ಟೆ.

ಮೊದಲ ದಿನ ಅವನ ಬಾಗಿಲಲ್ಲೇ ನೀನು ಕೇಳಿದ್ದೆ: "ಅಣ್ಣಾ, ಇವರ ನಂಬರ್ ನೋಡೀಯೇನು?"

"ಬೋರ್ಡಿನ ಮ್ಯಾಲೇ ಅದಲ್ಲ, ಹುಚ್ಚಿ. ಫೋನ್ ಹಚ್ಚಿದ್ರ ಎತ್ತತಾರ" ಎಂದು ನಾನು ನಕ್ಕಿದ್ದೆ.

ನೀನು ಮತ್ತೆ ಕೇಳಲಿಲ್ಲ.

ನೀನು ಹೋದ ಮೂರನೆಯ ದಿನ ನಿನ್ನ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಆ ಬಿಳಿ ಕೋಟಿನವನ ಹೆಸರಿತ್ತು; ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿದರೆ ಆ ಹೆಸರೇ ಇರಲಿಲ್ಲ. ಹೆಸರಿನ ಕೆಳಗೆ ನೀನು 'ನೋಂದಣಿ ನಂಬರ್' ಎಂದು ಬರೆದು, ಮುಂದೆ ಜಾಗ ಬಿಟ್ಟಿದ್ದೆ.