ಎಡಗಡೆ ಜಾಸ್ತಿ

ಫೆಬ್ರವರಿ ೧೬, ಭಾನುವಾರ
ಹೊಲಿಗೆ ಮೇಜಿನ ನನ್ನ ಪಾಲಿನ ತುದಿಯಿಂದ

ಪರಮಪೂಜ್ಯಳೂ, ನನಗಿಂತ ವಯಸ್ಸಿನಲ್ಲಿ ಮಾತ್ರ ದೊಡ್ಡವಳೂ ಆದ ಅಕ್ಕನಿಗೆ,

ಈ ಮನೆಯ ಧ್ವನಿ ಇಲಾಖೆಯ ಮುಖ್ಯಸ್ಥೆ, ಅಂದರೆ ನಿನ್ನ ತಂಗಿ, ಮಾಡುವ ನಮಸ್ಕಾರಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ, ಬೈದದ್ದು ಇಲ್ಲಿಗೆ ತಲುಪಿದೆ, ಸ್ವೀಕರಿಸಿದ್ದೇನೆ. ಆದರೆ ಇಲಾಖೆಯಲ್ಲಿ ಒಂದು ಗಂಭೀರ ವಿಚಾರಣೆ ನಡೆಯುತ್ತಿತ್ತು. ತೀರ್ಪು ಬರುವ ಮೊದಲು ಮುಖ್ಯಸ್ಥೆ ಬಾಯಿ ಬಿಡುವುದು ಶಿಸ್ತಲ್ಲ.

ನೀನು ಎರಡು ಪ್ರಶ್ನೆ ಕೇಳಿದ್ದೆ. ನಿಮ್ಮ ನಾಟಕಕ್ಕೆ ನಾವು ಮನೆಯಲ್ಲೇ ಕಟ್ಟುತ್ತಿರುವ ಸ್ವರಯಂತ್ರ, ನಮ್ಮ ಸಿಂತಸೈಜರ್, ಸಿದ್ಧವಾಗುತ್ತದೋ ಇಲ್ಲವೋ, ಇದು ಮೊದಲನೆಯದು. ಪ್ರದರ್ಶನದ ದಿನ ನಾನು ಬಂದು ಸಭಾಂಗಣದ ಸೌಂಡ್ ಮೇಜಿನ ಮುಂದೆ ಕೂರುತ್ತೇನೋ ಇಲ್ಲವೋ, ಇದು ಎರಡನೆಯದು. ಮೊದಲನೆಯದಕ್ಕೆ ಉತ್ತರ: ಸಿದ್ಧವಾಗಿದೆ. ನೀನು ಕೀಬೋರ್ಡಿನ ಮೇಲೆ ಕೈಯಿಟ್ಟರೆ ಸಾಕು, ನಾಟಕದ ಗೂಡ್ಸ್ ರೈಲಿನ ಸದ್ದು ಸಭಾಂಗಣದ ಎಡಗೋಡೆಯಿಂದ ಹೊರಟು ಬಲಗೋಡೆಯಾಚೆ ಹೋಗಿ ಮರೆಯಾಗುತ್ತದೆ. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ. ನಡುವೆ ಪುಟ ಹಾರಿಸಿ ಓದಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನೀನು ಹೊರಟಾಗ ಮೆಷಿನ್ನಿನ ಸ್ಥಿತಿ ಹೇಗಿತ್ತು ಎಂದು ನೆನಪಿದೆಯಲ್ಲ. ಸ್ವರ ಹುಟ್ಟಿಸುವ ಬೋರ್ಡು, ಅದನ್ನು ಸೋಸುವ ಬೋರ್ಡು, ಏರಿಳಿತ ಕೊಡುವ ಬೋರ್ಡು ಎಲ್ಲ ಮುಗಿದಿದ್ದವು. ಆದರೆ ಒಳಗೆ ಹುಟ್ಟಿದ ಸ್ವರಕ್ಕೆ ಹೊರಗೆ ಬರಲು ಬಾಗಿಲೇ ಇರಲಿಲ್ಲ. ಒಂದು ತಂತಿ ಎಳೆದು ನೇರವಾಗಿ ನಿಮ್ಮ ಸೌಂಡ್ ಮೇಜಿನ ಮಿಕ್ಸರಿಗೆ ಕೊಡುವಂತಿಲ್ಲ. ಮೆಷಿನ್ನಿನ ಒಳಗಿರುವವರೆಲ್ಲ ನಮ್ಮ ಮನೆಯವರಂತೆ ಕಿರುಚಿಯೇ ಮಾತಾಡುವವರು, ಮಿಕ್ಸರ್ ಪಾಪ ಪಿಸುಮಾತಿಗೆ ಒಗ್ಗಿದ್ದು. ನಡುವೆ ನಿಂತು ದನಿ ತಗ್ಗಿಸಿ, ಎಡಕ್ಕಿಷ್ಟು ಬಲಕ್ಕಿಷ್ಟು ಎಂದು ಹಂಚಿ, ಮರ್ಯಾದೆಯಿಂದ ಹೊರಗೆ ಕಳಿಸುವ ಒಂದು ಬೋರ್ಡು ಬೇಕಿತ್ತು. ಅದನ್ನೇ ಈ ಚಳಿಗಾಲವೆಲ್ಲ ಮಾಡಿದ್ದು.

ಮೊದಲನೇ ಬೋರ್ಡಿನ ಕಥೆ ಕೇಳು. ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ, ತಾಮ್ರದ ಹಾಳೆಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರೆ ಗೆರೆಗಳು ತಾಮ್ರಕ್ಕೆ ಇಳಿಯುತ್ತವೆ. ಇಳಿಯುವಾಗ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತವೆ, ಆದ್ದರಿಂದ ಮುದ್ರಿಸುವ ಮೊದಲೇ ಮಗುಚಿಡಬೇಕು. ನಾನು ಮಗುಚಿಟ್ಟೆ. ಕರ್ತವ್ಯನಿಷ್ಠ ಕಂಪ್ಯೂಟರ್ ನನಗೆ ಹೇಳದೆ ಇನ್ನೊಂದು ಸಲ ಮಗುಚಿತು. ಬೋರ್ಡು ತೊಳೆದು, ತೂತು ಕೊರೆದು, ಬೆಸುಗೆ ಹಾಕಲು ಕೂತಾಗ ಐಸಿ ಎಂಬ ಕರಿ ಚಿಪ್ಪುಗಳ ಒಂದು ಕಾಲೂ ತನ್ನ ಜಾಗಕ್ಕೆ ಸೇರಲೊಲ್ಲದು. ಎಡದ ಬಾಗಿಲು ಬಲಕ್ಕೆ, ಬಲದ್ದು ಎಡಕ್ಕೆ. ಬಿಟ್ಟೇನೆಯೇ? ಐಸಿಗಳನ್ನು ಅಂಗಾತ ಮಲಗಿಸಿ, ಕಾಲುಗಳನ್ನು ಮೇಲಕ್ಕೆ ಮಾಡಿ, ಒಂದೊಂದಕ್ಕೂ ಕೂದಲಿನಂಥ ತಂತಿ ಹಚ್ಚಿದೆ. ನೋಡಲು ಥೇಟ್ ಸತ್ತ ಜಿರಳೆಗಳು. ಅಮ್ಮ ರವಿಕೆಯ ತುಂಡು ಹುಡುಕುತ್ತ ಬಂದವಳು ನೋಡಿ, ಒಳಗೆ ಹೋಗಿ, ಪೊರಕೆ ಹಿಡಿದು ಬಂದಳು. ಆ ಬೋರ್ಡಿನ ಅಂತ್ಯ ಹಾಗಾಯಿತು. ಎರಡನೆಯದನ್ನು ಸರಿಯಾಗಿಯೇ ಮಾಡಿದೆ.

ನಿಮ್ಮ ಸಭಾಂಗಣ ಉದ್ದ, ಅದಕ್ಕೆ ತಂತಿಯೂ ಉದ್ದ. ಉದ್ದದ ತಂತಿ ದಾರಿಯುದ್ದಕ್ಕೂ ದೀಪಗಳ ಗುಂಯ್ ಸದ್ದನ್ನು ಮೈಗೆ ಹತ್ತಿಸಿಕೊಂಡು ಬರುತ್ತದೆ. ಹಾಗಾಗಿ ಒಂದೇ ಸ್ವರವನ್ನು ಎರಡು ತಂತಿಗಳಲ್ಲಿ ಕಳಿಸುತ್ತಿದ್ದೇನೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗೆ. ಆಚೆ ತುದಿಯಲ್ಲಿ ಮಿಕ್ಸರ್ ತಲೆಕೆಳಗಾದದ್ದನ್ನು ಎತ್ತಿ ನಿಲ್ಲಿಸಿ ಎರಡನ್ನೂ ಕೂಡಿಸುತ್ತದೆ. ಹತ್ತಿಕೊಂಡ ಸದ್ದು ಎರಡರಲ್ಲೂ ಒಂದೇ ಥರ ಇರುವುದರಿಂದ, ಒಂದು ಮಗುಚಿದೊಡನೆ ಮತ್ತೊಂದರ ಜೊತೆ ಜಗಳವಾಡಿ ಎರಡೂ ನಾಶ. ಇದು ನನ್ನ ಆವಿಷ್ಕಾರವಲ್ಲ. ಆದರೆ ಮಾವನ ಹತ್ತಿರ ನನ್ನದೇ ಎಂದು ಹೇಳಿದ್ದೇನೆ, ನೀನು ಬಾಯಿ ಬಿಡಬೇಡ.

ಮಾವ ಎಂದಾಗ ನೆನಪಾಯಿತು. ಕೋರ್ಟಿನ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ನಮ್ಮ ಸೋದರಮಾವನಿಗೆ ಮಹಡಿಯಿಂದ ಇಳಿದು ನಮ್ಮ ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುವುದೇ ಉದ್ಯೋಗ. ಬೋರ್ಡಿಗೆ ಜೀವ ಬಂದ ದಿನ ಮೆಷಿನ್ನಿನಲ್ಲಿ ನಾನು ಮೊಟ್ಟಮೊದಲು ನುಡಿಸಿದ್ದು ಏನೆಂದುಕೊಂಡೆ? ನಮ್ಮ ಮನೆಯ ಕರೆಗಂಟೆ. ಅದರ ಕೊನೆಯ ಕೀರಲು ಸಮೇತ. ಮಾವ ಕನ್ನಡಕ ಏರಿಸಿ ಎದ್ದು ಬಾಗಿಲು ತೆಗೆದರು, ಯಾರೂ ಇಲ್ಲ. ಕೂತರು. ಮತ್ತೆ ಗಂಟೆ. ಮತ್ತೆ ಯಾರೂ ಇಲ್ಲ. ಆಮೇಲೆ ಅವರು ಬಾಗಿಲ ಹಿಂದೆಯೇ ಹಿಡಿಕೆ ಹಿಡಿದು ಹೊಂಚು ಹಾಕಿ ನಿಂತರು. ಗಂಟೆಯಾದ ಕ್ಷಣವೇ ಬಾಗಿಲು ಎಳೆದರೆ, ಎದುರಿಗೆ ನಿಜವಾಗಿಯೂ ಕೊರಿಯರ್‌ನವನು, ಇನ್ನೂ ಗಂಟೆ ಒತ್ತಲು ಬೆರಳು ಎತ್ತಿದ್ದನಷ್ಟೆ.

"ಸಿಕ್ಕಿಬಿದ್ಯಲ್ಲ ಮಗನೇ," ಎಂದು ಮಾವ ಅವನ ಕೈ ಹಿಡಿದುಕೊಂಡರು.

"ಸಾರ್, ನಾನಿನ್ನೂ ಒತ್ತೇ ಇಲ್ಲ," ಎಂದ ಅವನು.

"ಕಳ್ಳರೆಲ್ಲ ಹೀಗೇ ಹೇಳೋದು."

ಒಳಗೆ ನಾನು ಮೇಜಿನ ಕೆಳಗೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ. ಕೊನೆಗೆ ಸತ್ಯ ಹೊರಬಿತ್ತು, ಕೊರಿಯರ್‌ನವನಿಗೆ ಕಾಫಿ ಸಿಕ್ಕಿತು, ನನಗೆ ಆಜ್ಞೆ. ಇನ್ನು ಮುಂದೆ ಈ ಮೆಷಿನ್ ಮನೆಯೊಳಗೆ ಸ್ಪೀಕರಿನಿಂದ ಬಾಯಿ ಬಿಡತಕ್ಕದ್ದಲ್ಲ, ಏನಿದ್ದರೂ ಹೆಡ್‌ಫೋನಿನಲ್ಲಿ. ಹೀಗಾಗಿ ಬೋರ್ಡಿಗೆ ಹೆಡ್‌ಫೋನ್ ಭಾಗವೊಂದು ಸೇರಿತು. ಚೆನ್ನಾಗಿ ಬಂದಿದೆ. ಗದರಿಸಿದವರಿಗೆ ಕೃತಜ್ಞತೆಗಳು.

ಈಗ ವಿಚಾರಣೆಯ ವಿಷಯ. ಎಡಬಲ ಎರಡರ ದನಿಯನ್ನೂ ಸರಿಸಮ ಮಾಡಲು ಬೋರ್ಡಿನ ಮೇಲೆ ಎರಡು ಪುಟ್ಟ ತಿರುಪುಗಳನ್ನಿಟ್ಟಿದ್ದೇನೆ. ಸ್ಕ್ರೂಡ್ರೈವರಿನಿಂದ ಒಂದು ಎಳೆ ತಿರುಗಿಸಿದರೆ ದನಿ ಏರುತ್ತದೆ, ಇಳಿಯುತ್ತದೆ. ಮೀಟರ್ ಹಿಡಿದು ಅಳೆದು ಇಡಬಹುದಿತ್ತು. ಆದರೆ ಅಕ್ಕ, ಅಮ್ಮನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬೇಕೆಂದು ಅಡುಗೆಮನೆಯಿಂದಲೇ ಹೇಳಬಲ್ಲ ಕಿವಿ ಇದು, ಮೀಟರಿಗೆ ಕೈ ಚಾಚುವುದು ಅವಮಾನ. ಹೆಡ್‌ಫೋನ್ ಹಾಕಿಕೊಂಡೆ, ಕಣ್ಣು ಮುಚ್ಚಿಕೊಂಡೆ, ಎಡದ ತಿರುಪು ಏರಿಸಿದೆ, ರೈಲು ನೆತ್ತಿಯ ನಟ್ಟನಡುವೆ ನಿಲ್ಲುವವರೆಗೂ ಏರಿಸಿದೆ. ತೂಗಿಟ್ಟ ಹಾಗಿತ್ತು. ಹೆಮ್ಮೆಯಿಂದ ಅಮ್ಮನ ತಲೆಗೆ ಹೆಡ್‌ಫೋನ್ ಹಾಕಿದೆ.

"ಎಡಗಡೆ ಜಾಸ್ತಿ ಕಣೇ," ಎಂದಳು ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಮಾವನನ್ನು ಕರೆದೆ. ಅವರು ಕೇಳಿ, ತಲೆದೂಗಿ, "ಸಾಕ್ಷಿ ಹೇಳಿದ್ದು ನಿಜ. ಎಡಗಡೆ ಜಾಸ್ತಿ," ಎಂದರು.

ಅಪ್ಪ ಕನ್ನಡಕದ ಅಂಗಡಿಯಿಂದ ಬರುವವರೆಗೆ ಕಾದೆ. ದಿನವೆಲ್ಲ ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಿಸುತ್ತ "ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ" ಎಂದು ಕೇಳುವ ಮನುಷ್ಯ, ಪಕ್ಷಪಾತ ಮಾಡುವವರಲ್ಲ. ಈ ಸಲ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಕೇಳಿದೆ. "ಇದು ಜೋರಾ ಅಪ್ಪ, ಅದು ಜೋರಾ?"

"ಎಡದ್ದು."

"ಒಂಚೂರಾ?"

"ಒಂಚೂರಲ್ಲಮ್ಮ. ಚೆನ್ನಾಗೇ ಜಾಸ್ತಿ. ನಿಂಗೆ ಗೊತ್ತಾಗ್ತಿಲ್ವಾ?"

ಇಡೀ ಮನೆತನದ ಕಿವಿಗೆ ಏಕಕಾಲದಲ್ಲಿ ವಯಸ್ಸಾಗಿದೆ ಎಂದು ನಾನು ಘೋಷಿಸಿದೆ. ಮಾವ ಇದನ್ನು ನ್ಯಾಯಾಂಗ ನಿಂದನೆ ಎಂದು ಪರಿಗಣಿಸಿ, ಹೊಲಿಗೆ ಮೇಜಿನ ಮೇಲೆಯೇ ನ್ಯಾಯಾಲಯ ಕರೆದರು. ಅಮ್ಮನ ಅಳತೆ ಟೇಪನ್ನು ಹೆಗಲಿಗೆ ಹಾಕಿಕೊಂಡು ನಾನು ಬೋರ್ಡಿನ ಪರ ವಕೀಲಳಾದೆ. ಎಡದ ಐಸಿಯನ್ನು ಕಿತ್ತು ಬಲಕ್ಕೆ ಹಾಕಿದೆ, ಬಲದ್ದನ್ನು ಎಡಕ್ಕೆ. ತಪ್ಪು ಐಸಿಯದಾದರೆ ಅದು ಐಸಿಯ ಜೊತೆಗೇ ಬದಿ ಬದಲಿಸಬೇಕಲ್ಲ. ಮೂವರೂ ಮತ್ತೆ "ಎಡಗಡೆ ಜಾಸ್ತಿ." ಕೆಪಾಸಿಟರ್ ಬದಲಿಸಿದೆ. "ಎಡಗಡೆ ಜಾಸ್ತಿ." ಮೊದಲನೇ ಬೋರ್ಡಿನ ಶಾಪವಿರಬೇಕೆಂದು ಎಡಬಲಗಳ ದಾರಿಯನ್ನು ಗೆರೆಗೆರೆಯಾಗಿ ಮತ್ತೆ ಹಿಡಿದು ನೋಡಿದೆ, ಸರಿಯಿತ್ತು. ಅಮ್ಮ ಕೇಳುವುದನ್ನು ಬಿಟ್ಟು ಗುಂಡಿ ಹೊಲಿಯುತ್ತಲೇ "ಎಡಗಡೆ ಜಾಸ್ತಿ" ಎನ್ನತೊಡಗಿದಳು. ಅದೀಗ ಮನೆಯ ಮಾತಾಗಿದೆ. ಮೊನ್ನೆ ಸಾರು ಬಡಿಸಿದಾಗ ಉಪ್ಪು ಹೇಗಿದೆ ಎಂದರೆ ಅಪ್ಪ ಹೇಳಿದ್ದೂ ಅದನ್ನೇ.

ಕೊನೆಗೆ ಮಾವನ ಅಪ್ಪಣೆ: "ಮೀಟರನ್ನ ಸಾಕ್ಷಿಕಟ್ಟೆಗೆ ಕರೀರಿ."

ಮೀಟರ್ ಬಂದಿತು. ಎಡದ್ದು ಬಲದ ಹೆಚ್ಚುಕಡಿಮೆ ಎರಡರಷ್ಟು ಎಂದಿತು. ರೆಸಿಸ್ಟರ್, ಕೆಪಾಸಿಟರ್, ಐಸಿ ಸಕಲರೂ ನಿರಪರಾಧಿಗಳು. ಎಡದ ತಿರುಪನ್ನು ಅಷ್ಟು ಏರಿಸಿದ್ದು ನನ್ನದೇ ಕೈ. ತಿರುಪು ಇಳಿಸಿ ಎರಡನ್ನೂ ಮೀಟರಿನಲ್ಲೇ ಸರಿಸಮ ಮಾಡಿ, ಅದರ ಮೇಲೊಂದು ಹನಿ ಉಗುರುಬಣ್ಣ ಹಾಕಿ ಮೊಹರು ಮಾಡಿದ್ದೇನೆ. ಮೂವರೂ ಸಾಲಾಗಿ ಕೇಳಿದರು. ರೈಲು ಎಡದಿಂದ ಬಂದು ಬಲಕ್ಕೆ ಹೋಯಿತು ಎಂದು ಸರ್ವಾನುಮತದ ತೀರ್ಪು. ವಕೀಲಳಿಗೆ ಹೇಗೆ ಕೇಳಿಸಿತೆಂದು ಯಾರೂ ಕೇಳಲಿಲ್ಲ, ನಾನೂ ದಾಖಲೆಗೆ ಸೇರಿಸಲಿಲ್ಲ.

ನಿಜ ಹೇಳುತ್ತೇನೆ, ಈ ಬೋರ್ಡಿನ ಬಗ್ಗೆ ನನಗೆ ಎಳ್ಳಷ್ಟೂ ಅಳುಕಿಲ್ಲ. ಏನೂ ನುಡಿಸದಿರುವಾಗ ಎಷ್ಟು ನಿಶ್ಶಬ್ದವೆಂದರೆ ಮಾವ ಹೆಡ್‌ಫೋನ್ ತೆಗೆದು "ಕರೆಂಟು ಹೋಯ್ತಾ?" ಎಂದರು. ಸ್ವಿಚ್ ಹಾಕಿದ ಕೂಡಲೇ ಸ್ಪೀಕರು ಧಡ್ ಎನ್ನದ ಹಾಗೆ, ಒಂದು ಉಸಿರು ಕಾದು ಆಮೇಲೆ ಬಾಗಿಲು ತೆರೆಯುವ ಏರ್ಪಾಡೂ ಇದೆ. ಅವಸರದಲ್ಲಿ ಕೆಟ್ಟುಹೋಗಿದೆ ಎಂದುಕೊಂಡು ಗುದ್ದಬೇಡ. ತಂತಿ ಚುಚ್ಚುವ ಜ್ಯಾಕುಗಳ ಮೇಲೆ ಎಡ, ಬಲ ಎಂದು ಅಮ್ಮ ಬಿಳಿ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ಕಸೂತಿ ಹಾಕಿ ಅಂಟಿಸಿದ್ದಾಳೆ. ಪ್ರಪಂಚದಲ್ಲಿ ಬೇರೆ ಯಾವ ಸಿಂತಸೈಜರಿಗೂ ಈ ಭಾಗ್ಯ ಇರಲಾರದು. ಪೆಟ್ಟಿಗೆ ನಾಳೆ ಹೊರಡುತ್ತದೆ. ಒಯ್ಯಲು ಬರುವವನು ಅದೇ ಕೊರಿಯರ್‌ನವನು, ಆದ್ದರಿಂದ ಬಾಗಿಲು ನಾನೇ ತೆಗೆಯುತ್ತೇನೆ.

ಉಳಿದಂತೆ ಎಲ್ಲರೂ ಕ್ಷೇಮ. ಅಪ್ಪನ ಅಂಗಡಿಗೆ ಹೊಸ ಬೋರ್ಡು ಬಂದಿದೆ, ಅದರಲ್ಲಿ ಬರೆದ ಕಣ್ಣಿಗೆ ರೆಪ್ಪೆಯಿಲ್ಲ, ದಾರಿಹೋಕರು ಹೆದರುತ್ತಾರೆ ಎಂದು ಅಮ್ಮನ ತಕರಾರು. ಮಾವ ನಾಟಕಕ್ಕೆ ಖಂಡಿತ ಬರುತ್ತಾರಂತೆ, ಮುಂದಿನ ಸಾಲೇ ಬೇಕಂತೆ, ನಡುವೆ ಯಾರಾದರೂ ಗಂಟೆ ಬಾರಿಸಿದರೆ ಎದ್ದು ಹೋಗುತ್ತಾರಂತೆ.

ನೀನು ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಆಶೀರ್ವಾದ ನಿನ್ನಿಂದ ನನಗೆ ಬರಬೇಕಾದದ್ದು. ಆದರೆ ಪದವಿಯಲ್ಲಿ ನಾನು ಮೇಲಿರುವುದರಿಂದ ನಾನೇ ಮಾಡುತ್ತಿದ್ದೇನೆ, ತಲೆ ಬಗ್ಗಿಸು. ನಿನ್ನ ಬೆರಳುಗಳು ತಡವರಿಸದಿರಲಿ. ನಿನ್ನ ರೈಲು ಹಳಿ ತಪ್ಪದಿರಲಿ. ಕತ್ತಲಲ್ಲಿ ಕೂತ ಜನ ಕೆಮ್ಮುವುದನ್ನು ಮರೆಯಲಿ. ಇಡೀ ಸಭಾಂಗಣ ನಿನ್ನ ಕೈಯಲ್ಲಿರಲಿ.

ಇಂತಿ ನಿನ್ನ,
ಕಪಿ
(ಧ್ವನಿ ಇಲಾಖೆ)

ಮರೆತ ಮಾತು: ಅಕ್ಕ, ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮೀಟರ್ ಎರಡೂ ಸಮ ಎಂದಮೇಲೂ ನನಗೆ ಎಡಗಡೆ ಕಡಿಮೆಯೇ ಇತ್ತು. ಎಲ್ಲರೂ ಊಟಕ್ಕೆ ಎದ್ದಮೇಲೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ, ಎಡದ್ದು ಬಲಕಿವಿಗೆ, ಬಲದ್ದು ಎಡಕಿವಿಗೆ. ತಪ್ಪು ಮೆಷಿನ್ನಿನದಾದರೆ ಮಂಕು ಬದಿ ಬದಲಿಸಬೇಕಿತ್ತು. ಇದ್ದಲ್ಲೇ ಇತ್ತು.

ಕಿವಿಯ ಡಾಕ್ಟರ ಹತ್ತಿರ ಒಬ್ಬಳೇ ಹೋಗಿದ್ದೆ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಒತ್ತು ಎಂದು ಕೈಗೆ ಬಟನ್ ಕೊಟ್ಟರು. ಬಲಕ್ಕೆ ಒಂದನ್ನೂ ಬಿಡದೆ ಒತ್ತಿದೆ, ಆಟ ಗೆದ್ದವಳ ಹಾಗೆ. ಆಮೇಲೆ ಸುಮ್ಮನೆ ಕೂತೆ. ಎಡಕ್ಕೆ ಇನ್ನೂ ಶುರು ಮಾಡಿಲ್ಲವೇನೋ ಎಂದು ಕಿಟಕಿಯಾಚೆ ನೋಡಿದೆ. ಡಾಕ್ಟರಮ್ಮ ಆಗಲೇ ಬರೆದುಕೊಳ್ಳುತ್ತಿದ್ದರು.

"ಇದು ನರದ್ದು ಕಣಮ್ಮ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಜೋಪಾನ ಮಾಡ್ಕೋಬೇಕು," ಎಂದರು. ಯಾಕೆ ಹೀಗಾಯಿತೆಂದು ಅವರಿಗೂ ಗೊತ್ತಿಲ್ಲ. ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಬಂದಾಗ ಪಕ್ಕದಲ್ಲಿರು, ಹೇಳುತ್ತೇನೆ.

ನಿನ್ನ ಎರಡನೇ ಪ್ರಶ್ನೆಗೆ ಉತ್ತರ. ಸೌಂಡ್ ಮೇಜಿಗೆ ಬೇರೆಯವರನ್ನು ಕೂರಿಸು. ನಿನ್ನ ರೈಲು ನನಗೆ ಈಗ ದಾರಿಯ ನಡುವಿನಿಂದಲೇ ಶುರುವಾಗುತ್ತದೆ. ಆದರೆ ನಾನು ಬರುತ್ತೇನೆ. ನನಗೆ ಹಿಂದಿನ ಸಾಲಿನಲ್ಲಿ ಒಂದು ಜಾಗ ಇಡು, ಎಲ್ಲರ ತಲೆಯೂ ಕಾಣುವಂತಿರಲಿ. ನೀನು ನುಡಿಸು. ಅವರೆಲ್ಲ ಒಟ್ಟಿಗೆ ಎಡಕ್ಕೆ ತಿರುಗಿದರೆ, ರೈಲು ಹೊರಟಿತೆಂದು ನನಗೆ ಗೊತ್ತಾಗುತ್ತದೆ.