ಒತ್ತದೆ ಬರೆಯುವ ಪೆನ್ನು

ಸಿಂದಗಿ
೧೭-೧೧-೨೦೦೨, ಆದಿತ್ಯವಾರ

ಪ್ರೀತಿಯ ತಂಗಿ ವಿದ್ಯಾ,

ಮೊದಲು ಆರೋಗ್ಯ ಕೇಳಬೇಕು, ಅದು ಪದ್ಧತಿ. ಆದರೆ ಇದನ್ನು ಹೇಳದೆ ಬೇರೆ ಮಾತು ಹೊರಡುವುದಿಲ್ಲ. ಇದನ್ನು ಮುಗಿಸಿಯೇ ಬಿಡುತ್ತೇನೆ. ಕಬ್ಬಿನ ಗಾಣದ ಸಾಹುಕಾರ ಕೊಟ್ಟ ಮಾತು ಇಷ್ಟು: ಆಸ್ಪತ್ರೆಯ ಖರ್ಚು ನಂದು ಅಂದ. ಕೈ ಮಾಯುವ ತನಕ ಪಗಾರ ಮನೆಗೆ ಕಳಿಸುತ್ತೇನೆ ಅಂದ. ಮಾಯ್ದ ಮೇಲೆ ಕೂತು ಮಾಡುವ ಕೆಲಸ ಕೊಡುತ್ತೇನೆ ಅಂದ. ಉರುಳೆಗಳ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸುತ್ತೇನೆ ಅಂದ. ಇದೆಲ್ಲ ಅಂದದ್ದು ಆಸ್ಪತ್ರೆಯ ವರಾಂಡದಲ್ಲಿ, ನಿನ್ನ ಕೈಗೆ ಸುತ್ತಿದ ಬಟ್ಟೆ ಇನ್ನೂ ಒದ್ದೆ ಇರುವಾಗ, ನಿನ್ನ ಗಂಡ ಅನಿಲನ ಹೆಗಲ ಮೇಲೆ ಕೈಯಿಟ್ಟು. ಕೊಟ್ಟದ್ದು ಏನೂ ಇಲ್ಲ. ಕೇಳಲು ಹೋದರೆ ನೀನು ಅವನ ಗಾಣದಲ್ಲಿ ದುಡಿದೇ ಇಲ್ಲ ಅಂದ. ಗಾಣಕ್ಕೆ ಬಂದವರಿಗೆ ಒಂದು ತಂಬಿಗೆ ಕಬ್ಬಿನ ಹಾಲು, ಅಂಗೈಯಷ್ಟು ಬಿಸಿ ಬೆಲ್ಲ ಕೊಡದೆ ಕಳಿಸಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಆ ರೂಢಿಯನ್ನೇ ಆಸರೆ ಮಾಡಿಕೊಂಡು ಇಂಡಿಯ ಕಾರ್ಮಿಕ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು ಹೇಳಿದ: “ಹಾಲು ಕುಡ್ಯಾಕ ಬಂದಿದ್ಲ್ರಿ ಸಾಹೇಬ್ರ. ಆಟಾ ಆಡ್ಕೋತ ಕೈ ಇಟ್ಲು.” ಎರಡು ಹಂಗಾಮು ಉರುಳೆಗೆ ಕಬ್ಬು ಉಣಿಸಿದವಳು ಆಟ ಆಡುತ್ತ ಕೈ ಇಟ್ಟಳಂತೆ.

ಆಯಿತು, ಈಗ ಕೇಳುತ್ತೇನೆ. ಹೇಗಿದ್ದೀಯೇ? ಚಳಿ ಬಿದ್ದಿದೆ, ಗಾಯದ ಗೆರೆ ಸೆಳೆಯುತ್ತದೆಯೋ? ರಾತ್ರಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿಕೋ ಅಂದಿದ್ದೆನಲ್ಲ, ತಿಕ್ಕಿಕೊಳ್ಳುತ್ತೀಯೋ ಇಲ್ಲಾ “ನಾಳಿ” ಅಂತ ಮಲಗುತ್ತೀಯೋ? ನಿನ್ನ ಅತ್ತೆಯ ಮೊಣಕಾಲು ಹೇಗಿದೆ? ನಾವು ಇಲ್ಲಿ ಆರಾಮ ಇದ್ದೇವೆ. ಅವ್ವನಿಗೆ ಕೆಮ್ಮು ಬಂದು ಹೋಯಿತು. ಔಷಧಕ್ಕಿಂತ ಬೈಗುಳದಿಂದಲೇ ಹೋಯಿತು ಅನ್ನು.

ಅನಿಲನ ಕಾಗದಗಳು ತಪ್ಪದೆ ಬರುತ್ತಿವೆ. ಒಳ್ಳೆಯ ಹುಡುಗ, ಚೊಕ್ಕ ಅಕ್ಷರ, ಎಲ್ಲದರಲ್ಲೂ “ವಿದ್ಯಾ ಆರಾಮ ಇದ್ದಾಳೆ”. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವ್ವ ಕಾಗದ ಒಡೆದ ಕೂಡಲೇ ಮೊದಲು ಅಕ್ಷರ ನೋಡುತ್ತಾಳೆ, ಆಮೇಲೆ ನನ್ನ ಕೈಗೆ ಕೊಡುತ್ತಾಳೆ. ಅವಳಿಗೆ ಓದಲು ಪೂರಾ ಬರುವುದಿಲ್ಲ, ನಿನ್ನ ಅಕ್ಷರ ಯಾವುದು ಅನ್ನುವುದು ಮಾತ್ರ ಗೊತ್ತು. ದೀಪಾವಳಿಗೆ ನಾನು ಚಡಚಣಕ್ಕೆ ಬಂದಾಗ ನೀನು ಮೂರು ದಿನವೂ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದೆ. ಬಾಲ್‌ಪೆನ್ನು ನೀನು ಹಿಡಿದು ನೋಡಿದೆ, ಒತ್ತಲು ಆಗಲಿಲ್ಲ, ಜಾರಿ ಬಿತ್ತು, ಮತ್ತೆ ಮುಟ್ಟಲಿಲ್ಲ ಅಂತ ಅನಿಲ ಹೇಳಿದ. ಎಡಗೈಯಲ್ಲಿ ಕಲಿ ಅಂದರೆ ಮುಖ ತಿರುಗಿಸಿದೆ. ನಾನು ಬಸ್ಸು ಹತ್ತುವಾಗ ನೀನು ಅಂದ ಮಾತು ಚಡಚಣದಿಂದ ಸಿಂದಗಿಯವರೆಗೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂತು. “ಅಕ್ಕಾ, ಈ ಕೈ ಇನ್ನ ಬರ್ಯೂದಲ್ಲ. ಬಿಟ್ಟಬಿಡು.”

ಬಿಡುವ ಜಾತಿ ನಾನಲ್ಲ, ನಿನಗೆ ಗೊತ್ತು. ಯಂಕಂಚಿಯ ಕೂಲಿ ಹೆಂಗಸರಿಗೆ ಸಹಿ ಕಲಿಸಿದವಳು ನೀನು. ನಮ್ಮ ಕೂಲಿಕಾರರ ಸಂಘದ ಕಟ್ಟಳೆ ಇಟ್ಟವಳೂ ನೀನೇ: ಯಾರ ತಕರಾರೋ ಅವರೇ ಬರೆಯಬೇಕು, ಬರದಿದ್ದರೆ ಕಲಿತು ಬರೆಯಬೇಕು, ಕಚೇರಿ ಕಟ್ಟೆಯ ಮೇಲೆ ಕೂತ ಅರ್ಜಿ ಬರೆಯುವವರ ಹತ್ತಿರ ಹೋಗಬಾರದು. ಅಂಥವಳ ಎಡಗೈ ಹೆಬ್ಬೆಟ್ಟನ್ನು ಆಸ್ಪತ್ರೆಯ ಕಾಗದದ ಮೇಲೆ ಒತ್ತಿಸಿಕೊಂಡರಲ್ಲ, ಅದನ್ನೇ ಸಾಹುಕಾರನ ವಕೀಲ ಈಗ ಹಿಡಿದು ಕುಣಿಯುತ್ತಿದ್ದಾನೆ. ಹೆಬ್ಬೆಟ್ಟಿನ ಹೆಂಗಸು, ಅವಳ ಹೆಸರಿನಲ್ಲಿ ಸಂಘದವರು ಕಥೆ ಬರೆಯುತ್ತಿದ್ದಾರೆ ಅಂತ ಅವನ ವಾದ. ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೆ ಕಾಗದ ಬೇಕು. ಬರುವ ಗುರುವಾರದ ಆಚೆಯ ಗುರುವಾರ, ಇಪ್ಪತ್ತೆಂಟಕ್ಕೆ, ವಿಚಾರಣೆ. ಅಷ್ಟರೊಳಗೆ ನಿನ್ನ ಹೇಳಿಕೆ ನಿನ್ನ ಅಕ್ಷರದಲ್ಲೇ ಬಂದರೆ ವಕೀಲನ ಬಾಯಿ ಕಟ್ಟುತ್ತದೆ. ಈ ವರ್ಷ ಗಾಣ ಶುರುವಾಗಿದೆ. ಜಾಳಿಗೆ ಹಾಕಿಲ್ಲ. ನೀನು ನಿಲ್ಲುತ್ತಿದ್ದ ಕಡೆ ಇನ್ನೊಬ್ಬಳು ನಿಂತಿದ್ದಾಳೆ.

ಈಗ ಪೆನ್ನಿನ ಸುದ್ದಿ. ನಗಬೇಡ. ಬಸ್ ನಿಲ್ದಾಣದ ಎದುರಿನ ಜೈನುದ್ದೀನ ಗೊತ್ತಲ್ಲ, ಗಡಿಯಾರ, ಪೆನ್ನು, ಬ್ಯಾಟರಿ ಇಟ್ಟುಕೊಂಡವನು. ಸೋಲಾಪುರದಿಂದ ಚೈನಾ ಪೆನ್ನು ತಂದು ರಟ್ಟಿಗೆ ಸಿಕ್ಕಿಸಿ ಸಾಲಾಗಿ ನೇತು ಹಾಕಿದ್ದಾನೆ. ಶಾಯಿ ತುಂಬಿ ಬರೆಯುವ ಪೆನ್ನುಗಳು, ಒಂದು ಹೊತ್ತಿನ ಚಹಾ-ಚೂಡಾದ ಬೆಲೆಗೆ ಒಂದು. ನೋಡಿದ ಕೂಡಲೇ ಹೊಳೆಯಿತು: ಬಾಲ್‌ಪೆನ್ನನ್ನು ಒತ್ತಬೇಕು, ಶಾಯಿ ಪೆನ್ನನ್ನು ಒತ್ತಬೇಕಾಗಿಲ್ಲ, ಕಾಗದದ ಮೇಲೆ ಮಲಗಿಸಿ ನಡೆಸಿದರೆ ಸಾಕು. ನಾಲ್ಕು ನಮೂನೆ ಹಿಡಿದುಕೊಂಡು ಮನೆಗೆ ಬಂದೆ. ಹಳೆಯ ಸೀರೆಯ ಅಂಚು ಹರಿದು, ನಿನ್ನ ಕೈಯಲ್ಲಿ ಈಗ ಇಲ್ಲದ ಎರಡು ಬೆರಳನ್ನೇ, ನನ್ನ ಬಲಗೈಯ ತೋರುಬೆರಳು, ನಡುಬೆರಳನ್ನು, ಅಂಗೈಗೆ ಮಡಚಿ ಕಟ್ಟು ಅಂತ ಅವ್ವನಿಗೆ ಹೇಳಿದೆ. ಅವ್ವ ಬಹಳ ಹೊತ್ತು ಕಟ್ಟಲೇ ಇಲ್ಲ, ನನ್ನ ಬೆರಳು ಹಿಡಿದುಕೊಂಡೇ ಕೂತಳು. ಆಮೇಲೆ ಕಟ್ಟಿದಳು, ಬಿಗಿಯಾಗಿ. ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಪೆನ್ನು ಹಿಡಿದು ನಿನ್ನ ಹೆಸರು ಬರೆದೆ. ಅವ್ವ ಇಣುಕಿ ನೋಡಿ, “ಸಾಲಿಗಿ ಹಾಕಿದ ವರ್ಷ ಇದಕಿಂತಾ ಚಲೋ ಬರೀತಿದ್ದಿ” ಅಂದಳು.

ಮೊದಲನೆಯದು ಉಕ್ಕಿನ ಪೆನ್ನು, ಟೊಪ್ಪಿಗೆಯ ಮೇಲೆ ನಾಗರದಂಥ ಚಿತ್ರ ಕೆತ್ತಿದ್ದು. ಜೈನುದ್ದೀನನಿಗೆ ಅದೇ ಮೆಚ್ಚು, “ಕಲೆಕ್ಟರ್ ಸಾಹೇಬ್ರ ಕಿಸೆಕ್ ಹಾಕೋ ಮಾಲ್ರಿ ಅಕ್ಕಾ” ಅಂದಿದ್ದ. ಕಿಸೆಗೇ ಸರಿ, ಕೈಗಲ್ಲ. ಬಾಲ ಭಾರ, ಕಾಲು ಪುಟ ಆಗುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ. ಎರಡನೆಯದು ಕೆಂಪು, ದಪ್ಪ. ನಿಬ್ಬು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರುತ್ತದೆ, ಆದರೆ ಶಾಯಿಯನ್ನು ಬೋರಿನ ನೀರಿನ ಹಾಗೆ ಸುರಿಯುತ್ತದೆ. ಇನ್‌ಲ್ಯಾಂಡ್ ಪತ್ರದ ಮೇಲೆ ಬರೆದರೆ ಈಚೆಯ ಮಾತು ಆಚೆಗೆ ಹೋಗಿ ಕೂರುತ್ತದೆ. ಅಲ್ಲದೆ ಟೊಪ್ಪಿಗೆ ತಿರುವಿ ತಿರುವಿ ತೆಗೆಯಬೇಕು, ನಿನಗೆ ಅದೊಂದು ಪೀಡೆ. ಮೂರನೆಯದರ ನಿಬ್ಬು ಸೂಜಿ. ಕರಪತ್ರದ ಒರಟು ಕಾಗದವನ್ನು ಕೆರೆದು ಕಿತ್ತಿತು. ನಮ್ಮ ಅಕ್ಷರಗಳೆಲ್ಲ ದುಂಡು ತಿರುವು, ಆ ತಿರುವಿನಲ್ಲೇ ಅದು ಎತ್ತು ಮೊಂಡು ಹಿಡಿದ ಹಾಗೆ ನಿಲ್ಲುತ್ತಿತ್ತು.

ನಾಲ್ಕನೆಯದು ಕುಂಕುಮದ ಬಣ್ಣದ್ದು, ಹಗುರ. ನಿಬ್ಬು ಪೂರಾ ಕಾಣುವುದಿಲ್ಲ, ಗೂಡಿನಿಂದ ಗುಬ್ಬಿ ಮೂತಿ ಹಾಕಿದಷ್ಟೇ ಹೊರಗೆ. ಟೊಪ್ಪಿಗೆ ಎಳೆದರೆ ಬರುತ್ತದೆ. ಶಾಯಿ ತುಂಬಲು ಒಳಗಿನ ರಬ್ಬರ ನಳಿಕೆಯನ್ನು ಎಡಗೈಯಲ್ಲಿ ಹಿಚುಕಿ ಬಿಟ್ಟರಾಯಿತು. ಪೋಸ್ಟ್ ಕಾರ್ಡು, ಒರಟು ಕಾಗದ, ಕಿರಾಣಿ ಚೀಟಿ, ಎಲ್ಲದರ ಮೇಲೂ ಬರೆದೆ. ತೆರೆದಿಟ್ಟು ರೊಟ್ಟಿ ಬಡಿದು ಬಂದು ಹಿಡಿದರೂ ಮುಟ್ಟಿದ ಕೂಡಲೇ ಬರೆಯಿತು. ಕಟ್ಟಿದ ಬೆರಳಿನಲ್ಲೇ ಒಂದು ಪುಟ ತುಂಬಿಸಿದೆ, ಕೈ ನೋಯಲಿಲ್ಲ. ಇದೇ ನಮ್ಮ ಹುಡುಗಿಯ ಪೆನ್ನು ಅಂದುಕೊಂಡು ಅವ್ವನ ಕೈಯಲ್ಲಿ ಕೊಟ್ಟು ಯಂಕಂಚಿಯ ಸಭೆಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಅವ್ವ ಪೆನ್ನನ್ನು ಪೂರಾ ತುಂಬಿ ಇಟ್ಟಿದ್ದಳು. ಏನು ತುಂಬಿದ್ದಳು ಗೊತ್ತೇನು? ಸಂಘದ ಹೆಬ್ಬೆಟ್ಟು ಒತ್ತಿಸುವ ನೇರಳೆ ಶಾಯಿ. ನೀನು ಸಹಿ ಕಲಿಸಿದ ಮೇಲೆ ಆ ಬಾಟಲಿ ಯಾರಿಗೂ ಬೇಡವಾಗಿ ಗೋಡೆಯ ಮಾಡದಲ್ಲಿ ಕೂತಿತ್ತಲ್ಲ, ಸುಮ್ಮನೆ ಕೆಟ್ಟು ಹೋಗುತ್ತದೆ, ಮಗಳು ಬರೆದಾದರೂ ಖರ್ಚು ಮಾಡಲಿ ಅಂತ. ಅಂಟಂಟು ಶಾಯಿ, ಪೆನ್ನಿನ ಗಂಟಲು ಕಟ್ಟಿತು. ನಾನು ಕೂಗಾಡಿದೆ. ಜೈನುದ್ದೀನನ ಹತ್ತಿರ ಓಡಿದೆ. ಅವನು ಬಿಚ್ಚಿ ನೋಡಿ ನಕ್ಕು, “ಪೆನ್ನಿನ ಕಡೆಯಿಂದನೂ ಹೆಬ್ಬೆಟ್ಟು ಒತ್ತಿಸಿದೀರೇನ್ರಿ?” ಅಂದ. ಅದೇ ಬಣ್ಣದ್ದು, ಅದೇ ರಟ್ಟಿನದು ಇನ್ನೊಂದು ತೆಗೆದುಕೊಂಡೆ, ಕೆರೆಯಿತು. ಮತ್ತೊಂದು, ಅದು ಒಂದು ಸಾಲು ಬರೆದು ಒಂದು ಸಾಲು ನುಂಗಿತು. ಚೈನಾ ಪೆನ್ನಿನ ಹಣೆಬರಹ ಇದು, ತಾಯಿ ಒಬ್ಬಳೇ ಆದರೂ ಮಕ್ಕಳು ಒಂದರ ಹಾಗೆ ಒಂದಿಲ್ಲ. ಆ ಮೊದಲಿನದನ್ನೇ ಬದುಕಿಸಬೇಕಾಯಿತು. ಅವ್ವ ಅದನ್ನು ಬಿಚ್ಚಿ ಬಟ್ಟಲಲ್ಲಿ ನೆನೆಹಾಕಿ ಬೆಚ್ಚನೆಯ ನೀರು ಬದಲಿಸುತ್ತ ಕೂತಳು. ನೀರು ನೇರಳೆ ಆಯಿತು, ಚೆಲ್ಲಿದಳು, ಮತ್ತೆ ಹಾಕಿದಳು. ಹಾಗೆ ಕೆಲವು ದಿನ. ಕಡೆಗೆ ನೀರು ತಿಳಿಯಾದ ಹೊತ್ತಿಗೆ ಕರೆದು ತೋರಿಸಿ ಒಂದೇ ಮಾತು ಅಂದಳು: “ನಿನಗ ಬೇಕಾದ್ದು ಅರ್ಜಿ. ನನಗ ಆಕಿ ಎರಡ ಅಕ್ಷರ ಸಾಕು.”

ನನ್ನ ಬಾಯಿ ಕಟ್ಟಿಸುವವರು ಇಡೀ ತಾಲೂಕಿನಲ್ಲಿ ಅವ್ವ ಒಬ್ಬಳೇ.

ಪೆನ್ನು ಈಗ ಮೊದಲಿನ ಹಾಗೆಯೇ ಬರೆಯುತ್ತಿದೆ. ಹಿಡಿಕೆ ತೆಳ್ಳಗೆ ಅನ್ನಿಸಿ ಪಕ್ಕದ ಮನೆಯ ಖಾತುನಬಿಗೆ ತೋರಿಸಿದೆ, ಕೌದಿ ಹೊಲಿಯುವ ದಪ್ಪ ದಾರವನ್ನು ಬಿಗಿಯಾಗಿ ಸುತ್ತಿ ಕೊಟ್ಟಿದ್ದಾಳೆ. ಅಲ್ಲಿ ಹಿಡಿ, ಜಾರುವುದಿಲ್ಲ. ಮೊದಲ ದಿನ ಅಕ್ಷರಗಳು ಹೊಲದ ಬದುವಿನ ಹಾಗೆ ಸೊಟ್ಟಪಟ್ಟ ಬರುತ್ತವೆ, ಬರಲಿ. ಈ ಕಾಗದ ಪೂರ್ತಿ ಬೆರಳು ಕಟ್ಟಿಕೊಂಡೇ ಬರೆದಿದ್ದೇನೆ, ಮೂರು ಸಲ ಬಿಚ್ಚಿ ಕಟ್ಟಿದ್ದು ರೊಟ್ಟಿಗೆ ಮಾತ್ರ. ಇಷ್ಟು ದೂರ ಓದಿಕೊಂಡು ಬಂದಿದ್ದೀಯಲ್ಲ, ಹಾಗಾದರೆ ಕಟ್ಟಿದ ಕೈಯ ಅಕ್ಷರವನ್ನೂ ಓದಲು ಬರುತ್ತದೆ ಅಂತಾಯಿತು. ಒಂದು ಗುಟ್ಟು: ಬೆರಳಿನಿಂದ ಬರೆಯಲು ಹೋಗಬೇಡ, ಮೊಣಕೈ ಎತ್ತಿ ಇಡೀ ತೋಳಿನಿಂದ ಬರೆ, ಗೋಡೆಯ ಮೇಲೆ ಘೋಷಣೆ ಬರೆಯುತ್ತಿದ್ದೆವಲ್ಲ, ಹಾಗೆ.

ಖಾತುನಬಿ ನಾಳೆ ಮಗಳನ್ನು ನೋಡಲು ಚಡಚಣಕ್ಕೆ ಬರುತ್ತಿದ್ದಾಳೆ. ಈ ಕಾಗದ, ಪೆನ್ನು, ಒಂದು ಬಾಟಲಿ ನೀಲಿ ಶಾಯಿ, ಅವ್ವನ ಶೇಂಗಾ ಹೋಳಿಗೆ ಅವಳ ಕೈಯಲ್ಲೇ ಕಳಿಸುತ್ತೇನೆ. ಅನಿಲನಿಗೂ ನಿನ್ನ ಅತ್ತೆಗೂ ನನ್ನ ಶರಣು ಹೇಳು. ಅವ್ವ ನಿನ್ನ ನೆತ್ತಿ ಮುಟ್ಟಿದ್ದಾಳೆ ಅಂತ ಬರೆ ಅಂದಳು, ಬರೆದಿದ್ದೇನೆ.

ನಿನ್ನ ಅಕ್ಕ,
ಜಯಮಾಲಾ

ತಾ.ಕ.: ಖಾತುನಬಿ ಬಾಗಿಲಲ್ಲಿ ನಿಂತು ಬಸ್ಸಿನ ಹೊತ್ತು ಕೇಳಿ ಹೋದಳು, ಅದಕ್ಕೆ ಅವಸರದಲ್ಲಿ ಬರೆಯುತ್ತೇನೆ. ನಿನ್ನ ಹೇಳಿಕೆಯನ್ನು ನಾನೇ ಬರೆದು ಇಟ್ಟಿದ್ದೆ, ನೀನು ನೋಡಿ ನಕಲು ಮಾಡಿದರೆ ಸಾಕು ಅಂತ. ಓದಿ ನೋಡಿದರೆ ಅದರಲ್ಲಿ ಇದ್ದದ್ದೆಲ್ಲ ನಾನೇ, ನನ್ನ ಭಾಷಣ. ಒಲೆಗೆ ಹಾಕಿದೆ. ನಿನ್ನ ಕೈಗೆ ಏನಾಯಿತು ಅನ್ನುವುದನ್ನು ನೀನು ಬರೆದರೆ ಬರೆ. ಆ ಗಾಣದ ಹೆಸರೇ ಬೇಡ ಅನ್ನಿಸಿದರೆ “ಒಲ್ಲೆ” ಅಂತ ಬರೆ. ಅದು ನಿನ್ನ ಅಕ್ಷರದಲ್ಲಿ ಬಂದರೆ ನಾನು ಸಂಘದವರ ಮುಂದೆ ಇಟ್ಟು ಬಾಯಿ ಮುಚ್ಚಿಕೊಳ್ಳುತ್ತೇನೆ, ಉಳಿದ ಸಾಕ್ಷಿ ಹಿಡಿದು ಸಾಹುಕಾರನ ಜೊತೆ ಗುದ್ದಾಡುವುದು ನಮಗೆ ಬಿಟ್ಟದ್ದು. ಏನೂ ಬರೆಯಲು ಆಗದಿದ್ದರೆ ಪೆನ್ನು ಸೋತಿತು ಅಂದುಕೊಳ್ಳುತ್ತೇನೆ, ನೀನಲ್ಲ. ಜೈನುದ್ದೀನನ ರಟ್ಟಿನಲ್ಲಿ ಇನ್ನೂ ಪೆನ್ನುಗಳಿವೆ. ಬರೆದರೂ ಬಾ, ಬರೆಯದಿದ್ದರೂ ಬಾ. ಕೈಯನ್ನು ಸೆರಗಿನ ಹೊರಗೆ ಇಟ್ಟುಕೊಂಡು ಬಾ. ಅವ್ವನನ್ನು ಕರೆದುಕೊಂಡು ಬರುತ್ತಿದ್ದೇನೆ. ಇಂಡಿ ಬಸ್ ನಿಲ್ದಾಣ, ಬರುವ ಆದಿತ್ಯವಾರ, ಇಪ್ಪತ್ನಾಲ್ಕನೇ ತಾರೀಕು, ಮುಂಜಾನೆ ಹನ್ನೊಂದು ಗಂಟೆಗೆ.