ಅಳಿಸಿದ ಗೀಟು

ಸೊಲ್ಲಾಪುರ, ೨೧ ಏಪ್ರಿಲ್ ೧೯೭೪, ರವಿವಾರ

ಮಾಸ್ತರರ ಮುಖಕ್ಕೇ ನಿಜ ಹೇಳಿ ಶಾಲೆ ಬಿಟ್ಟವನು ನಾನು. ಇವತ್ತು ಬಾಯಿ ಮುಚ್ಚಿಕೊಂಡೆ. ಅದೇ ಕೊರೆಯುತ್ತಿದೆ, ಆದರೆ ನಗುವೂ ಬರುತ್ತಿದೆ.

ಹೋದ ವರ್ಷ ಅಕ್ಕನ ಅತ್ತೆ ನಮ್ಮನ್ನು “ಥರ್ಡಿನಾಗ ಬಂದ ಮಂದಿ” ಎಂದು ಆಡಿಕೊಂಡಿದ್ದಳು. ಇನ್ನು ರೈಲಿನ ಸೆಕೆಂಡ್ ಕ್ಲಾಸಿನಲ್ಲೇ ಹೋಗುವುದು, ಇಲ್ಲವೆಂದರೆ ಇಲ್ಲ ಎಂದು ಅವ್ವನ ಹಟ. ಇವತ್ತು ಇಲ್ಲಿ ಅಕ್ಕನ ಮನೆಯಲ್ಲಿ ಮೊಮ್ಮಗನ ಜವಳ.

ಗಾಣಗಾಪುರ ಸ್ಟೇಷನ್ನಿನಲ್ಲಿ ಗಾಡಿ ಬಂದು ನಿಂತಿತು. ಥರ್ಡ್ ಕ್ಲಾಸ್ ರದ್ದಾಗಿದೆಯಂತೆ. ಡಬ್ಬಿಯ ಮೇಲೆ ಥರ್ಡ್ ಎಂದು ತೋರಿಸುತ್ತಿದ್ದ ಮೂರು ಗೀಟುಗಳಲ್ಲಿ ಒಂದಕ್ಕೆ ಬಣ್ಣ ಬಳಿದು ಎರಡು ಉಳಿಸಿದ್ದರು. ಒಳಗೆ ಅದೇ ಹಲಗೆಯ ಸೀಟು, ಅದೇ ತಗಣಿ.

“ಅವ್ವಾ, ಇದು ಹಳೇ ಥರ್ಡೇ ಅದ,” ಎಂದುಬಿಟ್ಟೆ. ಮನೆಗೆ ತಿರುಗುತ್ತಾಳೆಂದು ಹೆದರಿದೆ.

ಬಣ್ಣ ಬಳಿದ ಗೀಟನ್ನು ಅವ್ವ ಬೆರಳಿನಿಂದ ಮುಟ್ಟಿ ನೋಡಿದಳು. “ಸರ್ಕಾರದವ್ರೇ ಅಳಸ್ಯಾರ. ನೀ ಯಾಕ ಮತ್ತ ಬರೀತಿಲೇ? ಏರು!”

ಊಟಕ್ಕೆ ಕೂತಾಗ ಅಕ್ಕನ ಅತ್ತೆ ಕೇಳಿಯೇ ಬಿಟ್ಟಳು: “ಯಾವುದರಾಗ ಬಂದ್ರಿ, ಬೀಗತಿ?”

“ಸೆಕೆಂಡಿನಾಗ್ರಿ,” ಎಂದು ಅವ್ವ ನನ್ನತ್ತ ನೋಡಿದಳು. ನಾನು ಬಾಯಿತುಂಬ ಹೋಳಿಗೆ ತುರುಕಿಕೊಂಡೆ.

ಸುಳ್ಳಲ್ಲ, ಡಬ್ಬಿಯ ಮೇಲೆ ಹಾಗೇ ಇತ್ತು. ಇನ್ನೊಂದು ನಿಜವನ್ನೂ ಬರೆದಿಡುತ್ತೇನೆ: ಸೊಲ್ಲಾಪುರದಲ್ಲಿ ಅವ್ವ ಇಳಿದ ಗತ್ತಿನಿಂದ ಫಸ್ಟ್ ಕ್ಲಾಸಿನವರು ಯಾರೂ ಇಳಿಯಲಿಲ್ಲ. ನಾನೇ ನಿಂತು ನೋಡಿದೆ, ಒಬ್ಬರೂ ಇಲ್ಲ.